ಪರದೆಯ ಒಳಗಿನ ಮುನಿಲಕ್ಷ್ಮಮ್ಮ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಹಲಸೂರು ಕಡೆಯ ಒಂದು ಸಣ್ಣ ಆಸ್ಪತ್ರೆ. ತುರ್ತು ಚಿಕಿತ್ಸೆಯ ಕೋಣೆಯ ಮೂಲೆಯಲ್ಲಿ ಒಂದು ಹಸಿರು ಪರದೆ. ಒಳಗೆ ಇಬ್ಬರು ಹೆಂಗಸರು, ಹೊರಗೆ ನಾವು ನಾಲ್ವರು ಗಂಡಸರು. ಮೊದಲೇ ಹೇಳಿಬಿಡುತ್ತೇನೆ, ಯಾರ ಕೆಲಸದ ಬಗ್ಗೆ ಬರೆಯಲು ಬಂದೆನೋ ಅವರ ಕೆಲಸವನ್ನು ನಾನು ಕಣ್ಣಾರೆ ನೋಡಿಲ್ಲ. ಕೇಳಿಸಿಕೊಂಡಿದ್ದೇನೆ, ಅಷ್ಟೆ.

“ಒಲ್ಲೆ ಯವ್ವಾ, ಒಲ್ಲೆ. ಸತ್ತರ ಸಾಯ್ತೀನಿ, ಕುಬಸ ಬಿಚ್ಚಂಗಿಲ್ಲ ನಾ.”

ಒಳಗೆ ಮಲಗಿರುವವರು ಜಟ್ಟೆಮ್ಮ. ವಯಸ್ಸು ಐವತ್ತರ ಆಚೀಚೆ. ಯಾದಗಿರಿ ಕಡೆಯವರು. ಗಂಡ ಪೀರಪ್ಪನ ಜತೆ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿದ್ದು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನಸುಕಿನಲ್ಲಿ ನಲ್ಲಿ ನೀರು ಹಿಡಿಯುವಾಗ ಎದೆ ಹಿಂಡಿದಂತಾಗಿ, ಎಡಗೈ ಸೆಳೆದು, ಅಲ್ಲೇ ಕುಸಿದಿದ್ದಾರೆ. ಆಟೊದಿಂದ ಇಳಿಸುವಾಗ ಮೈಯೆಲ್ಲ ಬೆವರು. ಡ್ಯೂಟಿ ಡಾಕ್ಟರ್ ತೌಹೀದ್ ನಾಡಿ ಹಿಡಿದವರೇ ಇಸಿಜಿ ಆಗಬೇಕು ಎಂದಿದ್ದಾರೆ. ಇಸಿಜಿಗೆ ಹತ್ತು ವೈರು: ನಾಲ್ಕು ಕೈಕಾಲಿಗೆ, ಆರು ಬರಿ ಎದೆಗೆ. ಡಾಕ್ಟರ್ ಗಂಡಸು, ಟೆಕ್ನಿಷಿಯನ್ ದುರ್ಗೇಶ ಗಂಡಸು. ಇರುವ ಒಬ್ಬರೇ ನರ್ಸ್ ಮೇಲಿನ ಮಹಡಿಯಲ್ಲಿ ಹೆರಿಗೆ ಮಾಡಿಸುತ್ತಿದ್ದಾರೆ. ಉಳಿದವರು ಆಯಾ ಮುನಿಲಕ್ಷ್ಮಮ್ಮ.

“ಹಾರ್ಟ್ ಅಟ್ಯಾಕ್ ಆಗಿದ್ರೆ ಟೈಮ್ ಇಲ್ಲ ಅಮ್ಮ,” ಡಾಕ್ಟರ್ ಪರದೆಗೆ ಹೇಳುತ್ತಾರೆ. “ಇಸಿಜಿ ನೋಡ್ದೆ ನಾನು ಇಂಜೆಕ್ಷನ್ ಕೊಡೋಕಾಗಲ್ಲ.”

“ನೀವು ಸುಮ್ನಿರಿ ಸಾರ್. ಗಂಡಸ್ರ ದನಿ ಕೇಳ್ದಾಗೆಲ್ಲಾ ಆಯಮ್ಮ ಸೆರಗು ಇನ್ನೂ ಗಟ್ಟಿಯಾಗಿ ಹಿಡ್ಕೊತದೆ.”

ಡಾಕ್ಟರ್ ಬಾಯಿ ಮುಚ್ಚುತ್ತಾರೆ. ಆಯಾ ಗದರಿದರೆ ಸುಮ್ಮನಾಗುವ ಡಾಕ್ಟರನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಮುನಿಲಕ್ಷ್ಮಮ್ಮನಿಗೆ ಈಗ ಐವತ್ತೆಂಟು. ಕೆ.ಆರ್. ಪುರದ ಪಕ್ಕದ, ಹೆಸರಿಗಷ್ಟೇ ಹಳ್ಳಿಯಾಗಿ ಉಳಿದಿರುವ ಊರಿನವರು. ಗಂಡ ಸಂಜೀವಪ್ಪ ತೀರಿಕೊಂಡ ವರ್ಷ ಗುತ್ತಿಗೆ ಆಯಾ ಆಗಿ ಸೇರಿದರು. ಇಪ್ಪತ್ತಮೂರು ವರ್ಷವಾಯಿತು, ಇನ್ನೂ ಗುತ್ತಿಗೆಯೇ. ನಾಲ್ಕೂವರೆಗೆ ಎದ್ದು ಮೊದಲ ಬಸ್ಸು ಹಿಡಿದರೆ ಆರಕ್ಕೆ ಡ್ಯೂಟಿ. ನೆಲ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು, ಗಾಲಿಕುರ್ಚಿ ತಳ್ಳುವುದು ಅವರ ಕೆಲಸ. ಇಸಿಜಿ ವೈರು ಮುಟ್ಟುವುದು ಆ ಪಟ್ಟಿಯಲ್ಲೇ ಇಲ್ಲ. ಆದರೂ ದಿನಕ್ಕೆ ಎಂಟು ಹತ್ತು ಹೆಂಗಸರ ಎದೆಗೆ ವೈರಿನ ತುದಿಯ ಆ ಆರು ರಬ್ಬರ್ ಬುರುಡೆಗಳನ್ನು ಅಂಟಿಸುವ ಕೈ ಇವರದೇ. ದುರ್ಗೇಶ ಮಿಷನ್ ಇಟ್ಟುಕೊಂಡು ಪರದೆಗೆ ಬೆನ್ನು ಹಾಕಿ ನಿಲ್ಲುತ್ತಾನೆ. ವೈರುಗಳು ಮಾತ್ರ ಸಂದಿಯಿಂದ ಒಳಗೆ ಹೋಗುತ್ತವೆ.

ಆಸ್ಪತ್ರೆಯ ಬಿಳಿ ಬೆಡ್‌ಶೀಟನ್ನು ಅವರು ಹೊದಿಸುವುದಿಲ್ಲ. “ಬೆವರಿಗೆ ಒದ್ದೆ ಆಯ್ತು ಅಂದ್ರೆ ಬಿಳೀದು ಮೈಗೆ ಅಂಟ್ಕೊಂಡು ಎಲ್ಲಾ ಕಾಣ್ತದೆ. ಹೊದ್ದಂಗೂ ಅಲ್ಲ, ಬಿಟ್ಟಂಗೂ ಅಲ್ಲ” ಎನ್ನುತ್ತಾರೆ. ಶಿವಾಜಿನಗರದಲ್ಲಿ ಕೊಂಡ ಅರ್ಧ ಡಜನ್ ದಪ್ಪ ಮರೂನ್ ಹೊದಿಕೆಗಳಿವೆ, ಅವನ್ನು ಮನೆಯಲ್ಲೇ ಒಗೆದು ತರುತ್ತಾರೆ. ಮಾತಿನಲ್ಲೂ ಅಷ್ಟೇ ಎಚ್ಚರ. ಕನ್ನಡವಿರಲಿ, ತಮಿಳಿರಲಿ, ದಖನಿಯಿರಲಿ, ‘ಬಿಚ್ಚಿ’ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. “ಅದನ್ನ ಕೇಳಿದ್ರೇನೇ ಹೆಂಗಸ್ರು ಮುದುರ್ಕೊತಾರೆ. ‘ಸ್ವಲ್ಪ ಸಡಿಲ ಮಾಡ್ಕೊಳ್ಳಮ್ಮ, ನಾನು ಮುಚ್ಚಿರ್ತೀನಿ’ ಅಂತೀನಿ. ಮುಚ್ಚೋ ಮಾತು ಮೊದ್ಲು ಕೇಳ್ಬೇಕು ಅವ್ರಿಗೆ.”

ಇಷ್ಟೆಲ್ಲ ಯಾಕೆ ಎಂದು ಹಿಂದಿನ ದಿನ ನಾನು ಕೇಳಿದ್ದೆ. ಹೊದಿಕೆ ಮಡಿಸುತ್ತಾ ಹೇಳಿದರು.

“ಹದಿನೈದು ವರ್ಷದ ಹಿಂದೆ ಒಂದು ಹೆಣ್ಮಗಳು ಬಂದಿದ್ಲು. ಮೂವತ್ತೆಂಟೋ ನಲವತ್ತೋ. ಎದೆ ನೋವು. ಆಗಿದ್ದ ಟೆಕ್ನಿಷಿಯನ್‌ಗೆ ನಾನೇ ಅಡ್ಡ ನಿಂತ್ಕೊಂಡೆ. ‘ಮರ್ಯಾದಸ್ತರ ಮನೆ ಹೆಣ್ಣು ಕಣಪ್ಪ, ವೈರು ರವಿಕೆಯಿಂದ ಕೆಳಗಡೆ ಎಲ್ಲಾದ್ರೂ ಹಾಕ್ಕೋ’ ಅಂದೆ. ಪಾಪ, ಅವನಿಗೂ ನಾಚಿಕೆ. ಹೊಟ್ಟೆ ಮೇಲ್ಗಡೆ ಹಾಕ್ದ. ಇಸಿಜಿ ಚೀಟೀಲಿ ಏನೂ ತೊಂದ್ರೆ ಕಾಣ್ಲಿಲ್ಲ. ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದ್ರು. ಹೋಗೋವಾಗ ನನ್ನ ಕೈ ಹಿಡ್ಕೊಂಡು, ‘ನನ್ನ ಮಾನ ಉಳಿಸಿದ್ರಿ ಅಕ್ಕ’ ಅಂದ್ಲು. ಮಾರನೇ ದಿನ ಮಧ್ಯಾಹ್ನ ಹೋಗ್ಬಿಟ್ಲು.”

ವೈರು ಸರಿಯಾದ ಜಾಗದಲ್ಲಿದ್ದರೂ ಆಕೆ ಉಳಿಯುತ್ತಿದ್ದಳೆಂದು ಹೇಳಲಾಗದು ಎಂದು ಡಾಕ್ಟರುಗಳು ಇವರಿಗೆ ಎಷ್ಟೋ ಸಲ ಹೇಳಿದ್ದಾರಂತೆ. ಇವರು ಒಪ್ಪಿಲ್ಲ. ಆಗ ಇದ್ದ ಲೇಡಿ ಡಾಕ್ಟರ್ ಜಹನಾರಾ ಬಳಿ ಹೋಗಿ, ನೆಟ್ಟಗೆ ಎಲ್ಲಿ ಹಾಕಬೇಕು ತೋರಿಸಿಕೊಡಿ ಎಂದು ಕೂತರು. ಆಕೆ ಬಾಗಿಲು ಹಾಕಿಕೊಂಡು, ಮುನಿಲಕ್ಷ್ಮಮ್ಮನ ಬೆರಳು ಹಿಡಿದು ಅವರದೇ ಎದೆಯ ಮೇಲೆ ಎಲುಬು ಎಣಿಸುವುದನ್ನು ಕಲಿಸಿದರು. ವಾರಗಟ್ಟಲೆ ಕಲಿತರಂತೆ. ಒಂದು ಪಾಳಿಗೆ ಒಬ್ಬ ಹೆಣ್ಣು ಟೆಕ್ನಿಷಿಯನ್ ಇದ್ದಿದ್ದರೆ ನೆಲ ಒರೆಸುವ ಹೆಂಗಸು ಈ ಪಾಪದ ಮೂಟೆ ಹೊರಬೇಕಿತ್ತೇ?

ಇತ್ತ ಆರು ಗಂಟೆ ಹದಿನೆಂಟು ನಿಮಿಷ. ಪೀರಪ್ಪ ತಾಳ್ಮೆ ಕಳೆದುಕೊಂಡಿದ್ದಾರೆ.

“ಗ್ಯಾಸ್ ಅದ ರೀ ಸಾಹೇಬ್ರ. ರಾತ್ರಿ ಮೆಣಸಿನಕಾಯಿ ಭಜಿ ತಿಂದಾಳ. ಆಕಿ ಒಲ್ಲೆ ಅಂದಮ್ಯಾಲ ಮುಗೀತು, ಮನಿಗಿ ಕರ್ಕೊಂಡ್ ಹೋಗ್ತೀನಿ.” ಪರದೆಗೆ ಕೈ ಹಾಕುತ್ತಾರೆ. ದುರ್ಗೇಶ ಅಡ್ಡ ಬರುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಾರೆ.

“ಯಜಮಾನ್ರೇ,” ಒಳಗಿನಿಂದ ಮುನಿಲಕ್ಷ್ಮಮ್ಮ. “ನಿಮ್ಮ ದಮ್ಮಯ್ಯ ಅಂತೀನಿ. ಆಯಮ್ಮನ ತುಟಿ ನೀಲಿ ಆಗ್ತಾ ಇದೆ. ನನ್ನ ಮಾತು ಕೇಳ್ತಿಲ್ಲ. ನೀವೊಂದು ಮಾತು ಹೇಳಿ.”

ಪೀರಪ್ಪ ನಮ್ಮ ಮೂವರ ಮುಖ ನೋಡುತ್ತಾರೆ. ಪರರ ಎದುರು ಹೆಂಡತಿಗೆ ಆ ಮಾತು ಹೇಗೆ ಹೇಳಬೇಕು? ನಾನು ತಲೆ ತಗ್ಗಿಸುತ್ತೇನೆ. ನಾನೊಬ್ಬ ಇಲ್ಲಿ ಯಾಕೆ ನಿಂತಿದ್ದೇನೆ ಎಂದು ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ಕೊನೆಗೆ ಪೀರಪ್ಪ ಪರದೆಗೆ ಬಾಯಿ ಹತ್ತಿರ ತಂದು ಹೇಳುತ್ತಾರೆ.

“ಜಟ್ಟಿ... ಆಕಿ ಹೇಳಿದಂಗ ಕೇಳ. ನನ್ನ ಆಣಿ ಅದ. ನೀ ಹೋದರ ನಾ ಯಾರ ಕೂಡ ಇರ್ಲಿ?”

ಒಳಗೆ ಜಟ್ಟೆಮ್ಮ ಪಿಸುದನಿಯಲ್ಲಿ ಏನೋ ಕೇಳುತ್ತಾರೆ. ಆಮೇಲೆ ಮುನಿಲಕ್ಷ್ಮಮ್ಮನ ದನಿ ಮೆತ್ತಗೆ ಕೇಳುತ್ತದೆ, “ಹೂಂ ಕಣಮ್ಮ, ಹೂಂ. ಹೊದಿಕೆ ಒಳಗೆ ನನ್ನ ಕೈ ಒಂದೇ ಬರೋದು.”

ನಾನು ಉಸಿರು ಬಿಡುತ್ತೇನೆ. ಆದರೆ ಮುಗಿದಿಲ್ಲ. ಒಳಗಿನ ಮಾತಿನಿಂದ ತಿಳಿಯುತ್ತದೆ, ಜಟ್ಟೆಮ್ಮನ ಕುಬಸಕ್ಕೆ ಹುಕ್ಕು ಇಲ್ಲ, ಎದೆಯ ಕೆಳಗೆ ಎರಡು ತುದಿ ಸೇರಿಸಿ ಬಿಗಿದ ಗಂಟು. ಬೆವರಿಗೆ ನೆನೆದು ಅದು ಕಲ್ಲಾಗಿದೆ. ಇಷ್ಟು ವರ್ಷ ಹುಕ್ಕು ತೆಗೆದು ಪಳಗಿದ ಬೆರಳಿಗೆ ಗಂಟು ಜಗ್ಗುತ್ತಿಲ್ಲ.

“ಕತ್ತರಿ ಕೊಡ್ಲಾ ಅಮ್ಮ?” ದುರ್ಗೇಶ ಕೇಳುತ್ತಾನೆ.

“ಕತ್ತರಿ ಬ್ಯಾಡ!” ಜಟ್ಟೆಮ್ಮ ಕಿರುಚುತ್ತಾರೆ. “ಹೆಣದ ಬಟ್ಟಿಗಿ ಹಾಕ್ತಾರ ಕತ್ತರಿ. ನಾ ಇನ್ನೂ ಸತ್ತಿಲ್ಲ!” ಮಂಚ ಕಿರ್ರೆನ್ನುತ್ತದೆ. ಅವರು ಏಳಲು ನೋಡುತ್ತಿದ್ದಾರೆ.

“ಇಲ್ಲ ಇಲ್ಲ, ಕತ್ತರಿ ಇಲ್ಲ. ಮಲಗಮ್ಮ. ಯಾರೋ ಅದು ಕತ್ತರಿ ಅಂದಿದ್ದು? ಬಾಯಿ ಮುಚ್ಕೊಂಡು ಮಿಷನ್ ನೋಡೋ.”

ಆರು ಇಪ್ಪತ್ನಾಲ್ಕು. ಪರದೆ ಅಲ್ಲಾಡುತ್ತದೆ. ಮುನಿಲಕ್ಷ್ಮಮ್ಮನ ದನಿ ನಿಂತುಹೋಗಿದೆ. ಡಾಕ್ಟರ್ ಗಡಿಯಾರ ನೋಡುತ್ತಾರೆ, ಪರದೆ ನೋಡುತ್ತಾರೆ. ಪೀರಪ್ಪ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದಾರೆ. ಒಂದು ನಿಮಿಷ. ಎರಡು. ಒಳಗೆ ಏನಾಗುತ್ತಿದೆ ಎಂದು ನಮಗೆ ಯಾರಿಗೂ ಗೊತ್ತಿಲ್ಲ.

“ಗಂಟು ಬಂತು. ವೈರು ತಳ್ಳೋ.”

ಎಲುಬಿನ ಎಣಿಕೆ ಕೇಳುತ್ತದೆ. “ಒಂದು, ಎರಡು, ಮೂರು, ನಾಕು... ಇದು ಒಂದನೇದು. ಇದು ಎರಡನೇದು.” ದುರ್ಗೇಶ ಗೋಡೆ ನೋಡುತ್ತಲೇ ಹೇಳುತ್ತಾನೆ, “ನಾಲ್ಕನೇದು ಬರ್ತಿಲ್ಲ ಅಮ್ಮ. ಜಾರಿದೆ.” “ಬೆವರು ಕಣೋ. ಒರೆಸ್ತೀನಿ ಇರು. ಈಗ?” “ಈಗ ಬಂತು.” ಮಿಷನ್ನು ಕರಕರ ಸದ್ದು ಮಾಡುತ್ತಾ ಕಾಗದ ಹೊರಹಾಕುತ್ತದೆ.

ಡಾಕ್ಟರ್ ತೌಹೀದ್ ಆ ಕಾಗದವನ್ನು ಎರಡನೇ ಸಲ ನೋಡುವುದಿಲ್ಲ. ದೊಡ್ಡ ಹೃದಯಾಘಾತ. ಮಾತ್ರೆ, ಇಂಜೆಕ್ಷನ್, ಆಂಬುಲೆನ್ಸಿಗೆ ಫೋನ್, ಎಲ್ಲ ಐದೇ ನಿಮಿಷದಲ್ಲಿ ಆಗುತ್ತದೆ. ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. “ಇನ್ನರ್ಧ ಗಂಟೆ ತಡ ಆಗಿದ್ರೆ ಕಷ್ಟ ಇತ್ತು. ಈಗ ಚಾನ್ಸ್ ಇದೆ,” ಎಂದು ಪೀರಪ್ಪನಿಗೆ ಹೇಳುತ್ತಾರೆ. ಪೀರಪ್ಪ ಡಾಕ್ಟರ ಕಾಲಿಗೆ ಬಗ್ಗುತ್ತಾರೆ. ಡಾಕ್ಟರ್ ಅವರನ್ನು ಹಿಡಿದೆತ್ತಿ ಪರದೆಯ ಕಡೆ ಬೆರಳು ತೋರಿಸುತ್ತಾರೆ.

ಮುನಿಲಕ್ಷ್ಮಮ್ಮ ಹೊರಗೆ ಬಂದು ಗೋಡೆಗೆ ಒರಗುತ್ತಾರೆ. ನಿಮಗೇನು ಬೇಕು ಎಂದು ಕೇಳುತ್ತೇನೆ, ಪತ್ರಕರ್ತರ ಹಾಳು ಚಾಳಿ.

“ಒಂದು ಬಾಗ್ಲು ಕೊಟ್ರೆ ಸಾಕು ಸಾರ್. ಒಳಗಿಂದ ಚಿಲ್ಕ ಹಾಕ್ಕೊಳ್ಳೋ ಅಂಥದ್ದು. ಪರದೆ ಎಷ್ಟಿದ್ರೂ ಪರದೇನೇ.”

ಅಷ್ಟರಲ್ಲಿ ಸ್ಟ್ರೆಚರ್ ಬರುತ್ತದೆ. ಜಟ್ಟೆಮ್ಮನನ್ನು ಕತ್ತಿನವರೆಗೂ ಮರೂನ್ ಹೊದಿಕೆಯಲ್ಲಿ ಸುತ್ತಿದ್ದಾರೆ. ಅದು ಇನ್ನು ವಾಪಸ್ ಬರುವುದಿಲ್ಲ. ಬಾಗಿಲು ದಾಟುವಾಗ ಜಟ್ಟೆಮ್ಮ ಹೊದಿಕೆಯೊಳಗಿಂದ ಕೈ ಚಾಚಿ ಮುನಿಲಕ್ಷ್ಮಮ್ಮನ ಸೆರಗು ಹಿಡಿಯುತ್ತಾರೆ. ಉಳಿಯುತ್ತೇನೋ ಇಲ್ಲವೋ ಎಂದು ಅವರು ಕೇಳುವುದಿಲ್ಲ.

“ಯವ್ವಾ, ಯಾರ್ ಯಾರ್ ನೋಡಿದ್ರು?”

“ಯಾರೂ ನೋಡಿಲ್ಲಮ್ಮ.”

“ನೀ?”

ಮುನಿಲಕ್ಷ್ಮಮ್ಮ ನಾಲಿಗೆಯ ಮೇಲಿಂದ ಕುಬಸದ ಒಂದು ದಾರದ ಎಳೆ ತೆಗೆಯುತ್ತಾರೆ.

“ಹಲ್ಲಲ್ಲಿ ಗಂಟು ಬಿಡ್ಸೋಕೆ ಕಣ್ಣು ಯಾಕಮ್ಮ? ಮುಚ್ಕೊಂಡೇ ಇದ್ದೆ.”