ಅತ್ತೆ ಮೇಲಿಟ್ಟ ಸಕ್ಕರೆ ಡಬ್ಬ

ನನ್ನ ಅತ್ತೆಯ ಎರಡೂ ಮಂಡಿಗಳು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು. ನಡೆಯುವಾಗ ಅತ್ತಿತ್ತ ತೂಗುತ್ತಿದ್ದರು. ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದರು. ಮಾತು ಕಡಿಮೆ, ಹೊಗಳಿಕೆ ಇಲ್ಲವೇ ಇಲ್ಲ. ಸಾರು ತುಂಬಾ ಚೆನ್ನಾಗಿದ್ದರೆ ‘ಉಪ್ಪು ಸರಿಯಾಗಿದೆ’ ಎನ್ನುವರು, ಅಷ್ಟೇ.

ಕ್ಯಾನ್ಸರ್ ಬಂದು ನನ್ನ ಬಲಸ್ತನವನ್ನು ತೆಗೆದರು. ಬೆನ್ನಿನ ಸ್ನಾಯುವೊಂದನ್ನು ಚರ್ಮದ ಸಮೇತ ಮುಂದಕ್ಕೆ ತಂದು ಆ ಜಾಗ ತುಂಬಿದರು. ಗಾಯ ಮಾಯಿತು, ಭುಜ ಮಾತ್ರ ಬಿಗಿದುಕೊಂಡಿತು. ಜಯನಗರದ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈಯೆತ್ತುವುದನ್ನು ಕಲಿಸಿದರು. ಅಲ್ಲಿ ಮಾಡುತ್ತಿದ್ದೆ. ವಸಂತಪುರದ ಮನೆಗೆ ಬಂದರೆ ಒಳಗಿನ ಹೊಲಿಗೆ ಬಿಚ್ಚೀತೆಂಬ ಭಯ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಡುತ್ತಿದ್ದೆ. ಅತ್ತೆ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಕಾಫಿ ಬೆರೆಸಲು ಹೋದರೆ ಸಕ್ಕರೆ ಡಬ್ಬ ಮೇಲಿನ ಶೆಲ್ಫಿನಲ್ಲಿತ್ತು. ಎಡಕ್ಕೆ ಫ್ರಿಜ್ ಅಡ್ಡ, ಬಲಗೈಯನ್ನೇ ಚಾಚಬೇಕು.

‘ಅತ್ತೆ, ಕೆಳಗೇ ಇಡಬಾರ್ದಾ? ನಂಗೆ ಎಟುಕಲ್ಲ.’

‘ಇರುವೆ ಬರುತ್ತೆ’ ಎಂದರು.

ಇರುವೆಗೆ ಮೇಲಿನ ಶೆಲ್ಫ್ ದೂರವೇ? ಸಿಟ್ಟಿಗೆ ಕೆಲವು ದಿನ ಸಕ್ಕರೆಯಿಲ್ಲದ ಕಾಫಿ ಕುಡಿದೆ. ಆಮೇಲೆ ತಡೆಯಲಾಗದೆ ಹಲ್ಲು ಕಚ್ಚಿ ಕೈ ಚಾಚಿದೆ; ಹೇಗೋ ಡಬ್ಬ ಸಿಕ್ಕಿತು. ಮುಂದಿನ ವಾರ ಅದು ಇನ್ನೊಂದು ಶೆಲ್ಫ್ ಮೇಲೇರಿತ್ತು.

‘ಅಮ್ಮ, ಅವಳಿಗೆ ನೋವಿದೆ ಅಂತ ಗೊತ್ತಿಲ್ವಾ?’ ನನ್ನ ಗಂಡ ಕೇಳಿದರು.

‘ಗೊತ್ತು.’

ಕ್ಲಿನಿಕ್‌ನಲ್ಲಿ ಇದನ್ನೆಲ್ಲ ಹೇಳಿ ದೂರಿದೆ. ಫಿಸಿಯೋ ಹುಡುಗಿ ನಕ್ಕಳು. ‘ಮೇಡಂ, ನಿಮ್ಮ ಅತ್ತೆ ಫೋನ್ ಮಾಡ್ತಿರ್ತಾರೆ. ಈಗ ಎಷ್ಟು ಎತ್ತರದಲ್ಲಿ ಇಡಬಹುದು, ಹೊಲಿಗೆಗೆ ಏನೂ ಆಗಲ್ವಾ ಅಂತ ಕೇಳ್ತಾರೆ. ನಿಮಗೆ ಹೇಳ್ಬೇಡ ಅಂದಿದ್ರು.’

ಅಂದು ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಸ್ಟೂಲ್ ಹತ್ತಿ, ಒಂದು ಕೈಯಲ್ಲಿ ಗೋಡೆ ಹಿಡಿದು, ಡಬ್ಬವನ್ನು ಇನ್ನೂ ಮೇಲಕ್ಕೆ ತಳ್ಳುತ್ತಿದ್ದರು. ಮಂಡಿಗಳು ನಡುಗುತ್ತಿದ್ದವು. ನಾನು ಸದ್ದು ಮಾಡದೆ ಹಿಂದಕ್ಕೆ ಸರಿದೆ.

ಭುಜ ಬಹುಮಟ್ಟಿಗೆ ಸರಿಹೋಯಿತು. ನಾನು ಸಲೀಸಾಗಿ ಡಬ್ಬ ಇಳಿಸುವುದನ್ನು ಕಂಡ ಮರುದಿನವೇ ಅತ್ತೆ ಅದನ್ನು ಕೆಳಗೇ ಇಟ್ಟರು. ಇಬ್ಬರೂ ಆ ಮಾತೆತ್ತಲಿಲ್ಲ.

ಕಳೆದ ವರ್ಷ ಅತ್ತೆ ಹೃದಯಾಘಾತದಿಂದ ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಬಂದ ನೆಂಟರೊಬ್ಬರು, ‘ಒಳ್ಳೆಯವ್ರೇ. ಆದ್ರೆ ಕಲ್ಲು ಮನಸ್ಸು. ಹುಷಾರಿಲ್ದಾಗಲೂ ನಿನ್ನ ಕೈಲಿ ಕೆಲಸ ಮಾಡಿಸ್ತಿದ್ರಂತೆ?’ ಎಂದರು.

‘ಹೌದು, ಮಾಡಿಸಿದ್ರು’ ಎಂದೆ. ಎದ್ದು ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬದ ಮುಂದೆ ನಿಂತು ಅತ್ತುಬಿಟ್ಟೆ. ಕಾಯಿಲೆಯ ದಿನಗಳಲ್ಲೂ ನಾನು ಹಾಗೆ ಅತ್ತಿರಲಿಲ್ಲ.