ಸ್ಪ್ಯಾನರಿಗೊಂದು ಗ್ರಾಸಿಯಾಸ್

ನಾಯಂಡಹಳ್ಳಿಯಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿಗೆ ಸ್ಪೇನಿನಿಂದ ಒಂದು ಕಟಿಂಗ್ ಮೆಷಿನ್ ಬರುವುದಿತ್ತು. ಅದನ್ನು ಕೂರಿಸಲು ಬರುವವರಿಗೆ ಇಂಗ್ಲಿಷ್ ಬರುವುದಿಲ್ಲ, ನೀವು ಸ್ವಲ್ಪ ಸ್ಪ್ಯಾನಿಷ್ ಕಲಿತುಬಿಡಿ ಎಂದು ಮಾಲೀಕರು ನನಗೆ ಹೇಳಿದರು. ನಾನು ಸ್ಟೋರ್ ನೋಡಿಕೊಳ್ಳುವವಳು. ಅಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ ಎಂಬುದಷ್ಟೇ ನನ್ನ ಅರ್ಹತೆ.

ವಿಜಯನಗರದಲ್ಲಿ ನನಗಿಂತ ಚಿಕ್ಕವರಾದ ಟೀಚರ್ ಒಬ್ಬರು ಮನೆಯಲ್ಲೇ ಪಾಠ ಹೇಳುತ್ತಿದ್ದರು. ಕೆಲಸ ಮುಗಿಸಿ ಮೆಟ್ರೋ ಹತ್ತಿ ಹೋಗುತ್ತಿದ್ದೆ. 'ಯೋ' ಎಂದರೆ ನಾನು. ಆದರೆ ಪ್ರತಿ ವಾಕ್ಯಕ್ಕೂ ಅದನ್ನು ಹಚ್ಚಬೇಕಿಲ್ಲ, ಕ್ರಿಯಾಪದದ ಕೊನೆಯಲ್ಲೇ ಯಾರೆಂದು ತಿಳಿಯುತ್ತದೆ ಎಂದರು. 'ಬರ್ತೀನಿ' ಎಂದಷ್ಟೇ ಹೇಳಿ ಹೊರಡುವ ನಮಗೆ ಅದೇನು ಕಷ್ಟ? ಕಷ್ಟವಾದದ್ದು ಮುಂದಿನ ಪಾಠ. 'ತು' ಎಂದರೆ ನೀನು, 'ಉಸ್ತೆದ್' ಎಂದರೆ ನೀವು. ಆದರೆ ಉಸ್ತೆದ್ ಜೊತೆ ಬರುವ ಕ್ರಿಯಾಪದ ಅವನು, ಅವಳು ಎನ್ನುವಾಗ ಬರುವಂಥದ್ದು. ಅಲ್ಲಿ ಎಡವುತ್ತಲೇ ಇದ್ದೆ.

ಮೆಷಿನ್ ಕೂರಿಸಲು ಸ್ಪೇನಿನಿಂದ ಬಂದವರಿಗೆ ಅರವತ್ತು ದಾಟಿತ್ತು. ಮೊದಲ ದಿನ ನೀರು ಬೇಕಾ, ಕಾಫಿ ಬೇಕಾ ಎಂದೆಲ್ಲ ಕೇಳಿ, ಅವರಿಗೆ ಅರ್ಥವಾದಾಗಲೆಲ್ಲ ಹಿಗ್ಗಿದೆ. ಸಂಜೆ ಮೆಟ್ರೋದಲ್ಲಿ ಹೊಳೆಯಿತು: ಅಪ್ಪನ ವಯಸ್ಸಿನವರನ್ನು ಇಡೀ ದಿನ ತು ಎಂದೇ ಮಾತಾಡಿಸಿದ್ದೆ. ನಾಚಿಕೆಯಾಗಿ, ಇಳಿದ ಕೂಡಲೇ ಟೀಚರಿಗೆ ಫೋನ್ ಮಾಡಿದೆ. ಅವರು ನಕ್ಕು, ಕ್ಷಮೆ ಕೇಳುವ ಮಾತನ್ನು ಫೋನಿನಲ್ಲೇ ಹತ್ತು ಸಲ ಹೇಳಿಸಿದರು.

ಬೆಳಿಗ್ಗೆ 'ಪೆರ್ದೋನೆ ಉಸ್ತೆದ್' ಎಂದೆ. ಅವರು ಕನ್ನಡಕ ತೆಗೆದು, ನನಗೆ ತಿಳಿಯುವಷ್ಟು ನಿಧಾನವಾಗಿ ಮಾತಾಡಿದರು. ಅವರ ಕಾರ್ಖಾನೆಯಲ್ಲಿ ಎಲ್ಲರೂ ಎಲ್ಲರಿಗೂ ತು ಎನ್ನುತ್ತಾರಂತೆ. ನಿನ್ನೆ ತಮ್ಮವರ ನಡುವೆಯೇ ಇದ್ದ ಹಾಗಿತ್ತಂತೆ. ಆದರೂ ನನ್ನ ನಾಲಿಗೆ ಒಪ್ಪಲಿಲ್ಲ. ಉಳಿದ ದಿನಗಳೆಲ್ಲ ಅವರು ನನಗೆ ತು, ನಾನು ಅವರಿಗೆ ಉಸ್ತೆದ್.

ಅವರ ಜೊತೆ ಕೆಲಸಕ್ಕೆ ನಿಂತವರು ನಮ್ಮ ಹಳೆಯ ಮೇಸ್ತ್ರಿ. ಸ್ಪ್ಯಾನರ್ ಬೇಕಾದಾಗಲೆಲ್ಲ ಸ್ಪೇನಿನವರು 'ಪೊರ್ ಫವೋರ್', ಅಂದರೆ ದಯವಿಟ್ಟು, ಎನ್ನುವರು, ಕೈಗೆ ಬಂದೊಡನೆ 'ಗ್ರಾಸಿಯಾಸ್'. ಮೂರನೆಯ ದಿನ ಮೇಸ್ತ್ರಿ ನನ್ನ ಬಳಿ ಬಂದು, ಅವರು ಪ್ರತಿ ಸಲ ಹೇಳುವುದು ಏನೆಂದು ಕೇಳಿದರು.

"ಥ್ಯಾಂಕ್ಸ್ ಅಂತಾರೆ ಅಣ್ಣ."

"ಸ್ಪ್ಯಾನರ್ ಕೊಟ್ಟಿದ್ದಕ್ಕಾ?"

"ಅದಕ್ಕೇನೇ."

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸಿ ನೋಡಿದರು. ಆಮೇಲೆ, ಅದಕ್ಕೆ ತಾವು ಏನನ್ನಬೇಕು ಎಂದರು. 'ದೆ ನಾದಾ' ಅನ್ನಿ, ಪರವಾಗಿಲ್ಲ ಬಿಡಿ ಅಂದ ಹಾಗೆ ಎಂದೆ. ಮಧ್ಯಾಹ್ನವೆಲ್ಲ ಗೊಣಗುತ್ತಾ ಅಭ್ಯಾಸ ಮಾಡಿದರು. ಮರುದಿನ ಅದನ್ನು ಹೇಳಿದಾಗ ಸ್ಪೇನಿನವರು ಕೈಯಲ್ಲಿದ್ದುದನ್ನು ಕೆಳಗಿಟ್ಟು, ಗ್ರೀಸ್ ಮೆತ್ತಿದ ಎರಡೂ ಕೈಯಿಂದ ಅವರ ಕೈ ಹಿಡಿದು ಕುಲುಕಿದರು.

ನನಗೆ ಹನ್ನೊಂದು ವರ್ಷದ ಹಿಂದಿನದು ನೆನಪಾಯಿತು. ಸೇರಿದ ಹೊಸದರಲ್ಲಿ ನಟ್ಟು, ಬೋಲ್ಟುಗಳ ಸೈಜು ಕೂಡ ನನಗೆ ತಿಳಿಯುತ್ತಿರಲಿಲ್ಲ. ಪ್ರತಿಯೊಂದನ್ನೂ ಕೈಗಿಟ್ಟು ಕಲಿಸಿದವರು ಇದೇ ಮೇಸ್ತ್ರಿ. ನನ್ನ ತಪ್ಪುಗಳನ್ನು ಮಾಲೀಕರ ಕಿವಿಗೆ ಬೀಳದಂತೆ ಸರಿಪಡಿಸಿದ್ದರು. ದಿನಾ ನೋಡುವವರಿಗೆ ಥ್ಯಾಂಕ್ಸ್ ಹೇಳಲು ನಮಗೆ ಮುಜುಗರ. ನಾನೂ ಹೇಳಿರಲಿಲ್ಲ.

ಮೆಷಿನ್ ಓಡಿತು, ಸ್ಪೇನಿನವರು ಊರಿಗೆ ಹೊರಟರು. ಆ ಸಂಜೆ ಮೇಸ್ತ್ರಿ ಕೈ ತೊಳೆಯುತ್ತಿದ್ದಾಗ ಹತ್ತಿರ ಹೋಗಿ, "ಅಣ್ಣ, ಆವತ್ತು ನೀವು ಕಲಿಸ್ದೆ ಇದ್ದಿದ್ರೆ ನಾನು ಇಲ್ಲಿ ಇರ್ತಾನೇ ಇರ್ಲಿಲ್ಲ. ತುಂಬಾ ಥ್ಯಾಂಕ್ಸ್," ಎಂದೆ.

"ಈಗ್ಯಾಕ್ ಮೇಡಂ ಅದೆಲ್ಲ," ಎಂದು ಅವರು ಮತ್ತೊಮ್ಮೆ ಸೋಪು ಹಚ್ಚಿಕೊಂಡರು.

ಮಾರನೆಯ ದಿನ ಮಲ್ಲತ್ತಹಳ್ಳಿಯ ತಮ್ಮ ಮನೆಯಿಂದ ಕರಿಬೇವಿನ ಒಂದು ದೊಡ್ಡ ಕಟ್ಟು ತಂದು, ನನ್ನ ಮೇಜಿನ ಮೇಲಿಟ್ಟು, ಮೇಸ್ತ್ರಿ ಮೆಷಿನ್ ಕಡೆಗೆ ಹೋದರು.