ಫಿಜಿಯೋ ಕೇಳಿದ ಮೂರು ಪ್ರಶ್ನೆ

ಫೆಲ್ಥಮ್‌ನ ಮೈದಾನದಲ್ಲಿ, ನಮ್ಮ ತಂಡದ ಬೆಂಚಿನ ಎಡತುದಿಯಲ್ಲಿ, ಬಿಳಿ ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಾನು ನಿಂತಿದ್ದೆ. ಏಪ್ರಿಲ್ ತಿಂಗಳ ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ನೀರಿನ ಬಾಟಲಿ ತುಂಬಿಡುವುದು ನನ್ನ ಕೆಲಸ. ಅದಕ್ಕೇ ಅಷ್ಟು ಹತ್ತಿರ ಬಿಟ್ಟಿದ್ದರು. ಅಕ್ಕ, ಭಾವ ನನ್ನ ಬೆನ್ನ ಹಿಂದೆ ಹಗ್ಗದಾಚೆ ಇದ್ದರು.

ಅವರ ಮಗ ತಂಡದ ಕ್ವಾರ್ಟರ್‌ಬ್ಯಾಕ್. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸುವುದರೊಳಗೆ ಅವನನ್ನು ಕೆಡವುವುದು ಎದುರಿನವರ ಕೆಲಸ. ಹಿಂದಿನ ವರ್ಷ ಜರ್ಮನಿಯ ತಂಡವೊಂದರಲ್ಲಿ ಸಂಬಳಕ್ಕೆ ಆಡಿ ಬಂದಿದ್ದ. ಮತ್ತೆ ಕರೆಯಬೇಕೋ ಬೇಡವೋ ಎಂದು ನೋಡಲು ಅಲ್ಲಿಂದ ಒಬ್ಬರು ಬಂದಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿರದಿದ್ದರೆ ಚೆನ್ನಾಗಿತ್ತು.

ಅಕ್ಕನ ಮಗ ಚೆಂಡು ಎಸೆದಾದ ಮೇಲೆ ಪೆಟ್ಟು ಬಿತ್ತು. ಹೆಲ್ಮೆಟ್ಟಿನ ಹಿಂಭಾಗ ನೆಲಕ್ಕೆ ಬಡಿಯಿತು. ಅವನು ಎದ್ದು ಎದುರು ತಂಡದ ಬೆಂಚಿನ ಕಡೆ ನಾಲ್ಕು ಹೆಜ್ಜೆ ನಡೆದ. ಆಟಗಾರರ ಗಾಯ ನೋಡುವ ಫಿಜಿಯೋ ಅವನನ್ನು ಕರೆತಂದು ನನ್ನ ಪಕ್ಕ ಕೂರಿಸಿ ಕೇಳಿದಳು: ಇದು ಯಾವ ಊರು? ಆಟದ ಮೊದಲರ್ಧವೋ, ಎರಡನೆಯದೋ? ಕೊನೆಗೆ ಪಾಯಿಂಟ್ ಗಳಿಸಿದವರು ಯಾರು? ತಲೆಗೆ ಪೆಟ್ಟು ಬಿದ್ದವನು ಇವುಗಳಲ್ಲಿ ಒಂದಕ್ಕೆ ತಪ್ಪಿದರೂ ಆ ದಿನ ಮತ್ತೆ ಆಡುವಂತಿಲ್ಲ.

ಅವನು ನನ್ನ ಮುಖ ನೋಡಿದ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವುದು ಅವನ ಚಿಕ್ಕಂದಿನ ರೂಢಿ. ನಾನು ಅವನ ಬೆನ್ನು ಸವರುತ್ತ, ಅವಳಿಗೆ ತಿಳಿಯುವ ಒಂದು ಪದವೂ ಬಾರದಂತೆ ಹೇಳಿದೆ:

“ಹೆದರಬ್ಯಾಡೋ ತಮ್ಮಾ. ನಿಮ್ಮಪ್ಪ ಕೆಲಸಕ್ಕ ಬರೂ ಊರು ಇದು. ಅರ್ಧಾ ಆಟ ಮುಗದೈತಿ. ಕಡೀಗೆ ಹೊಡದವರು ಅವರು, ನಾವಲ್ಲ.”

ಅವನು ಒಂದೊಂದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿದ.

ಏನು ಹೇಳುತ್ತಿದ್ದೀರಿ ಎಂದು ಫಿಜಿಯೋ ಕೇಳಿದಳು. ಧೈರ್ಯ ಹೇಳುತ್ತಿದ್ದೇನೆ ಎಂದೆ. ಒಳ್ಳೆಯ ಅಂಕಲ್ ಎಂದು ನಕ್ಕಳು.

ಹಗ್ಗದಾಚೆಯಿಂದ ಅಕ್ಕ ಕೂಗಿದಳು. “ಏನೋ ಹೇಳಿಕೊಡಾಕತ್ತಿ ಅಂವಗ?”

“ಸುಮ್ಮನಿರ ಬೇ ಅಕ್ಕಾ. ಇವತ್ತ ಹೊರಗ ಕುಂತ್ರ ನೋಡಾಕ ಬಂದಾಂವ ಎದ್ದು ಹೊಕ್ಕಾನ.”

ಭಾವ ಅವಳ ತೋಳು ಹಿಡಿದರು. ಅವಳು ಹಗ್ಗ ದಾಟಲಿಲ್ಲ.

ಫಿಜಿಯೋ ಅವನನ್ನು ಮತ್ತೆ ಆಟಕ್ಕೆ ಬಿಟ್ಟಳು. ಆರು ನಿಮಿಷಕ್ಕೆ ಎರಡನೆಯ ಪೆಟ್ಟು ಬಿತ್ತು. ಮೊದಲಿನದಕ್ಕಿಂತ ಸಣ್ಣದು. ಅವನು ಏಳಲಿಲ್ಲ.

ಒಂದೇ ಸೀಸನ್ನಿಗೆ ಅವನ ವೃತ್ತಿ ಮುಗಿಯಿತು. ಈಗ ಎಜ್‌ವೇರ್‌ನಲ್ಲಿ ಅಕ್ಕನ ಮನೆಯಲ್ಲಿ, ಹಗಲಲ್ಲೂ ಪರದೆ ಎಳೆದ ಕೋಣೆಯಲ್ಲಿ ಇರುತ್ತಾನೆ. ಮಾತು ಅರ್ಧಕ್ಕೆ ನಿಲ್ಲುತ್ತದೆ. ಮೂರೂ ಉತ್ತರ ಸರಿ ಎಂದು ಕ್ಲಬ್ಬಿನ ವರದಿಯಲ್ಲಿದೆ. ಯಾರೂ ನನ್ನನ್ನು ದೂರಲಿಲ್ಲ. ನಾನು ಹೋದಾಗಲೆಲ್ಲ ಅವನು ಇಂಗ್ಲಿಷಿನಲ್ಲಿ ಕೇಳುತ್ತಾನೆ: ಮಾಮಾ, ಎಲ್ಲಾ ಸರಿಯಾಗಿ ಹೇಳಿದ್ದೆನಂತೆ, ಹೌದಾ? ಹೌದು ಎನ್ನುತ್ತೇನೆ. ಅಕ್ಕ ಚಹಾದ ಲೋಟ ನನ್ನ ಮುಂದಿಟ್ಟು ಒಳಗೆ ಹೋಗುತ್ತಾಳೆ.

ಅಂದು ಆ ಮೈದಾನದಲ್ಲಿ ಕನ್ನಡ ತಿಳಿದವರು ನಾಲ್ವರು. ಭಾವ ತೀರಿಕೊಂಡರು. ಅವನಿಗೆ ಆ ಮಧ್ಯಾಹ್ನವೇ ನೆನಪಿಲ್ಲ. ನನ್ನನ್ನು ಬಿಟ್ಟರೆ, ಕಂಡು ಕೇಳಿ ಬದುಕಿರುವವಳು ಅಕ್ಕ.